ಮಠದ ಟೆನೆಟ್, ಮಠದ ಟೆನೆಂಟ್

ಪ್ರಶ್ನೆ: ನಮ್ಮ ಕಾಲೇಜಿನ ವಿಚಾರಗೋಷ್ಠಿಯ ಇಂಗ್ಲಿಷ್ ಆಮಂತ್ರಣದಲ್ಲಿ ‘ಟೆನೆಂಟ್ಸ್ ಆಫ್ ಮಧ್ವ ಫಿಲಾಸಫಿ’ ಎಂದು ಅಚ್ಚಾಗಿತ್ತು. ‘ಟೆನೆಟ್ಸ್’ ಆಗಬೇಕಿತ್ತು ಎಂದು ಒಬ್ಬರು, ‘ಪ್ರಿನ್ಸಿಪಲ್ಸ್’ ಎಂದು ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದು ಇನ್ನೊಬ್ಬರು. ಟೆನೆಟ್ ಎಂದರೆ ನಿಯಮವೋ, ನಂಬಿಕೆಯೋ? ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?
– ವಿದ್ಯಾರ್ಥಿನಿ, ಕಾಪು

ಉತ್ತರ: ‘ಟೆನೆಟ್ಸ್’ ಎಂದವರು ಹೇಳಿದ್ದೇ ಸರಿ. ಟೆನೆಂಟ್ ಎಂದರೆ ಗೇಣಿದಾರ, ಒಕ್ಕಲು, ಬಾಡಿಗೆದಾರ. ಮಣಿಪಾಲದಲ್ಲಿ ನಾಲ್ವರು ಸೇರಿ ಫ್ಲ್ಯಾಟ್ ಹಿಡಿದು ಕೂತ ಹುಡುಗರು ಟೆನೆಂಟುಗಳು. ನಿಮ್ಮ ಆಮಂತ್ರಣವನ್ನು ಅಕ್ಷರಶಃ ಓದಿದರೆ ಗೋಷ್ಠಿ ನಡೆದದ್ದು ಮಧ್ವ ತತ್ವಶಾಸ್ತ್ರದ ಬಾಡಿಗೆದಾರರ ಕುರಿತು! ಬೇರೆ ಊರಿನಲ್ಲಾದರೆ ಓದಿದವರು ನಕ್ಕು ಮುಂದೆ ಹೋಗುತ್ತಿದ್ದರು. ಉಡುಪಿಯಲ್ಲಿ ಹಾಗಲ್ಲ. ಇಲ್ಲಿಯ ಮಠಗಳಿಗೆ ಟೆನೆಟ್ಟುಗಳೂ ಉಂಟು, ಒಂದು ಕಾಲದಲ್ಲಿ ಟೆನೆಂಟರೂ ಇದ್ದರು. ‘ಟೆನೆಂಟ್ಸ್ ಆಫ್ ದ ಮಠ’ ಎಂದು ತಪ್ಪಿ ಬರೆದರೂ ವಾಕ್ಯಕ್ಕೆ ಅರ್ಥ ಕೂಡಿಬರುತ್ತದೆ. ಅರ್ಥ ಕೆಡದ ತಪ್ಪು ಕಣ್ಣಿಗೆ ಬೀಳುವುದು ಕಷ್ಟ.

ಎರಡೂ ಪದಗಳು ಹುಟ್ಟಿದ್ದು ‘ಹಿಡಿ’ ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ. ಟೆನೆಟ್ ಎಂದರೆ ಲ್ಯಾಟಿನ್ನಿನಲ್ಲಿ ‘ಅವನು ಹಿಡಿದಿದ್ದಾನೆ’ ಎಂಬ ಪೂರ್ತಿ ಕ್ರಿಯಾಪದ. ಇಂಥ ಪಂಡಿತ ಇಂಥ ಮಾತನ್ನು ಹಿಡಿದಿದ್ದಾನೆ ಎಂದು ಹೇಳುವಾಗ ಬರುತ್ತಿದ್ದ ಆ ಕ್ರಿಯಾಪದವನ್ನೇ ಇಂಗ್ಲಿಷಿನವರು ನಾಮಪದ ಮಾಡಿಕೊಂಡರು. ಟೆನೆಂಟ್ ಬಂದದ್ದು ಫ್ರೆಂಚಿನ ದಾರಿಯಲ್ಲಿ, ‘ಹಿಡಿದಿರುವವನು’ ಎಂಬ ಅರ್ಥ ಹೊತ್ತು. ಕನ್ನಡಕ್ಕೂ ಇದು ಹೊಸತೇನಲ್ಲ. ನಾವು ವಾದವನ್ನೂ ಹಿಡಿಯುತ್ತೇವೆ, ಗದ್ದೆಯನ್ನು ಗೇಣಿಗೂ ಹಿಡಿಯುತ್ತೇವೆ.

ಆಮಂತ್ರಣ ಬರೆದವರ ಪರವಾಗಿ ಒಂದು ಮಾತು ಹೇಳಬಹುದು. 17ನೇ ಶತಮಾನದ ಇಂಗ್ಲಿಷಿನಲ್ಲಿ ಸಿದ್ಧಾಂತ ಎಂಬ ಅರ್ಥಕ್ಕೇ ‘ಟೆನೆಂಟ್’ ಎಂಬ ಇನ್ನೊಂದು ರೂಪ ಚಾಲ್ತಿಯಲ್ಲಿತ್ತು. ಅದರ ನಡುವಿನ ಸ್ವರ ‘ಎ’ ಅಲ್ಲ, ‘ಇ’. ಲ್ಯಾಟಿನ್ನಿನಲ್ಲಿ ಅದು ‘ಅವರು ಹಿಡಿದಿದ್ದಾರೆ’ ಎಂಬ ಬಹುವಚನ. ಥಾಮಸ್ ಬ್ರೌನ್ ಎಂಬ ಇಂಗ್ಲಿಷ್ ವೈದ್ಯ 1646ರಲ್ಲಿ ಜನರ ಹುಸಿನಂಬಿಕೆಗಳನ್ನೆಲ್ಲ ಒಂದೊಂದಾಗಿ ವಿಚಾರಣೆಗೆ ಹಿಡಿದು ದಪ್ಪ ಪುಸ್ತಕ ಬರೆದ. ಆನೆಯ ಕಾಲಿಗೆ ಗಂಟುಗಳೇ ಇಲ್ಲ, ಅದು ಮಲಗಲಾರದು ಎಂಬ ನಂಬಿಕೆಯೂ ಅವುಗಳಲ್ಲೊಂದು. ಆ ಪುಸ್ತಕದ ಹೆಸರಿನಲ್ಲೇ ‘ಟೆನೆಂಟ್ಸ್’ ಇದೆ. ಆದರೆ ಆ ರೂಪ ಸತ್ತು ಕಾಲವಾಯಿತು. ಇವತ್ತು ಬ್ರೌನನ ಹೆಸರು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಟೆನೆಂಟರ ಕತೆಯನ್ನು ಬೇಗ ಮುಗಿಸುತ್ತೇನೆ. ನಿಮ್ಮ ಅಜ್ಜ–ಅಜ್ಜಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಚಾಲಗೇಣಿ, ಮೂಲಗೇಣಿ ಎಂಬ ಪದಗಳು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂಬ ಲೆಕ್ಕ, ಒಕ್ಕಲಿನವರು ಹೊತ್ತು ತಂದು ಧಣಿಯ ಚಾವಡಿಯಲ್ಲಿ ಇಳಿಸುತ್ತಿದ್ದ ಬೈಹುಲ್ಲಿನ ಮುಡಿ, ಇವೆಲ್ಲ ಈ ಜಿಲ್ಲೆಯ ಟೆನೆನ್ಸಿ. ದೇವರಾಜ ಅರಸರ ಸರಕಾರ 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿತು, ಗೇಣಿದಾರ ಫಾರಂ ನಂಬ್ರ 7 ತುಂಬಿ ಟ್ರಿಬ್ಯುನಲ್ಲಿಗೆ ಕೊಟ್ಟ. ‘ಡಿಕ್ಲರೇಶನ್ ಹಾಕಿದ್ದು’ ಎಂದು ಇಲ್ಲಿ ಈಗಲೂ ಹೇಳುವುದು ಇದನ್ನೇ. ಧಣಿಗಳ ಜೊತೆ ಮಠ, ದೇವಸ್ಥಾನಗಳ ಭೂಮಿಯೂ ಒಕ್ಕಲಿನವರ ಪಾಲಾಯಿತು. ಮಠದ ಟೆನೆಂಟರು ಹೋದರು. ಟೆನೆಟ್ಟುಗಳು ಉಳಿದವು.

ಆ ಟೆನೆಟ್ಟುಗಳ ವಿಷಯಕ್ಕೆ ಬರುತ್ತೇನೆ. ಈ ಪದವನ್ನು ಸರಿಯಾಗಿ ಬಳಸಿದ ಒಂದೇ ಒಂದು ವಾಕ್ಯ ತೋರಿಸಿ ಎಂದು ನೀವು ಕೇಳಿದ್ದರೆ ನಾನು ನಿಘಂಟು ತೆಗೆಯುತ್ತಿರಲಿಲ್ಲ. ಉಡುಪಿಯ ರಥಬೀದಿಯಲ್ಲೇ ಹುಟ್ಟಿದ ಒಂದು ಕೋರ್ಟು ಕೇಸನ್ನು ತೋರಿಸುತ್ತಿದ್ದೆ. ದೇಶದ ಯಾವುದೇ ಕಾನೂನು ಕಾಲೇಜಿನ ವಿದ್ಯಾರ್ಥಿಗೆ ‘ಶಿರೂರು ಮಠ ಕೇಸು’ ಗೊತ್ತು. ಆ ಶಿರೂರು ಮಠ ಉಡುಪಿಯ ಅಷ್ಟಮಠಗಳಲ್ಲೊಂದು ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ಆ ಕೇಸು ನಡೆದ ಕಾಲಕ್ಕೆ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮಠಗಳು ಸರದಿಯಲ್ಲಿ ಕೃಷ್ಣಪೂಜೆ ವಹಿಸಿಕೊಳ್ಳುವ ಪರ್ಯಾಯದ ಖರ್ಚು ಎಂದರೆ ಈಗ ಕೇಳುವುದೇ ಬೇಡ, ಆ ಕಾಲಕ್ಕೂ ಅದು ಭಾರವೇ. ಶಿರೂರು ಮಠಕ್ಕೆ ಸಾಲವಾಯಿತು. ಮದ್ರಾಸ್ ಸರಕಾರದ ಧಾರ್ಮಿಕ ದತ್ತಿಯ ಅಧಿಕಾರಿಗಳು ಮಠದ ಆಡಳಿತಕ್ಕೆ ಕೈಹಾಕಲು ಹೊರಟರು. ಮಠಾಧಿಪತಿಗಳಾಗಿದ್ದ ಶ್ರೀ ಲಕ್ಷ್ಮೀಂದ್ರ ತೀರ್ಥರು ಕೋರ್ಟಿಗೆ ಹೋದರು. ಅಷ್ಟರಲ್ಲಿ 1951ರ ಹೊಸ ಕಾಯ್ದೆ ಬಂತು, ಅದನ್ನೂ ಪ್ರಶ್ನಿಸಿದರು. ಮದ್ರಾಸ್ ಹೈಕೋರ್ಟಿನಲ್ಲಿ ಮಠ ಗೆದ್ದಿತು, ಕಮಿಷನರು ಸುಪ್ರೀಂ ಕೋರ್ಟಿಗೆ ಅಪೀಲು ಹಾಕಿದರು. ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ.ಕೆ. ಮುಖರ್ಜಿಯವರು 1954ರ ಮಾರ್ಚ್ 16ರಂದು ತೀರ್ಪು ಬರೆದರು.

ಸರಕಾರದ ಕಡೆಯ ವಾದ ಸರಳವಾಗಿತ್ತು. ಧರ್ಮ ಎಂದರೆ ನಂಬಿಕೆ, ಅದು ಮನಸ್ಸಿನೊಳಗಿನ ವಿಷಯ, ಅದರಲ್ಲಿ ನಾವು ಕೈಹಾಕುವುದಿಲ್ಲ. ನಂಬಿಕೆಯ ತಿರುಳಿಗೆ ಸೇರದ, ದುಡ್ಡು–ದಾಸ್ತಾನಿನ ಸಂಬಂಧವಿರುವ ಉಳಿದದ್ದೆಲ್ಲ ಲೌಕಿಕ, ಅದು ನಮ್ಮದು. ಮುಖರ್ಜಿಯವರು ಒಪ್ಪಲಿಲ್ಲ. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯ ಆಗಬೇಕು, ಇಂಥ ದಿನ ಹೋಮ ಆಗಬೇಕು ಎಂದು ಒಂದು ಮತ ಹೇಳಿದರೆ ಅದು ಧರ್ಮದ್ದೇ ಭಾಗ, ಅದಕ್ಕೆ ಅಕ್ಕಿ–ತುಪ್ಪದ ಖರ್ಚು ಇದೆ ಎಂಬ ಒಂದೇ ಕಾರಣಕ್ಕೆ ಅದು ಲೌಕಿಕವಾಗುವುದಿಲ್ಲ ಎಂದರು. ಮುಂದಿನದ್ದು ನಮಗೆ ಬೇಕಾದ ವಾಕ್ಯ. ಯಾವ ವಿಧಿ, ಯಾವ ಆಚರಣೆ ಅತ್ಯಗತ್ಯ ಎಂಬುದನ್ನು, ತಾವು ಹಿಡಿದಿರುವ ಧರ್ಮದ ಟೆನೆಟ್ಟುಗಳ ಪ್ರಕಾರ ತೀರ್ಮಾನಿಸುವ ಪೂರ್ಣ ಸ್ವಾತಂತ್ರ್ಯ ಆ ಧಾರ್ಮಿಕ ಪಂಗಡಕ್ಕೇ ಇದೆ, ಹೊರಗಿನವರಿಗೆ ಅಲ್ಲಿ ಕೆಲಸವಿಲ್ಲ ಎಂಬುದು ಅದರ ಸಾರ. ಇಂಗ್ಲಿಷ್ ಮೂಲದಲ್ಲಿ ಟೆನೆಟ್ಸ್ ಎಂಬ ಪದದ ಬೆನ್ನಿಗೇ ‘ಹಿಡಿದಿರುವ’ ಎಂಬ ಕ್ರಿಯಾಪದವೂ ಇದೆ. ನ್ಯಾಯಮೂರ್ತಿಗಳಿಗೆ ಲ್ಯಾಟಿನ್ ನೆನಪಿತ್ತೋ, ಕೈ ತಾನಾಗಿ ಬರೆಯಿತೋ, ಅಂತೂ ಪದ ತನ್ನ ಮನೆಯಲ್ಲೇ ಕೂತಂತಿದೆ.

ಆ ವಾಕ್ಯದಲ್ಲಿ ಎರಡು ವಸ್ತುಗಳನ್ನು ಬೇರೆ ಬೇರೆ ಇಟ್ಟಿದ್ದಾರೆ, ಗಮನಿಸಿ. ವಿಧಿ–ಆಚರಣೆ ಒಂದು ಕಡೆ, ಟೆನೆಟ್ ಇನ್ನೊಂದು ಕಡೆ. ಮಾಡುವುದು ಆಚರಣೆ, ಯಾಕೆ ಮಾಡುತ್ತೀರಿ ಎಂದು ಕೇಳಿದರೆ ಸಿಗುವ ಉತ್ತರ ಟೆನೆಟ್. ಖರ್ಚಿನ ಪ್ರಮಾಣ ಇವೆರಡೂ ಅಲ್ಲ. ಪೂಜೆ ಬೇಕೇ ಬೇಡವೇ ಎಂಬುದು ಮಠದ ತೀರ್ಮಾನ, ಅದಕ್ಕೆ ಎಷ್ಟು ಸುರಿಯಬೇಕು ಎಂಬುದು ಆಸ್ತಿಯ ಆಡಳಿತ, ಅಲ್ಲಿ ಕಾನೂನು ಬರಬಹುದು ಎಂದೂ ಅದೇ ತೀರ್ಪು ಹೇಳಿತು. ಕಾಯ್ದೆಯ ಹಲವು ಸೆಕ್ಷನ್ನುಗಳು ಬಿದ್ದವು. ಮಠಗಳಿಂದ ಸರಕಾರ ಎತ್ತುತ್ತಿದ್ದ ವಂತಿಗೆ ಫೀಸಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದೂ ತೀರ್ಮಾನವಾಯಿತು.

ಮುಂದಿನ ವರ್ಷಗಳಲ್ಲಿ ಈ ಟೆನೆಟ್ ಎಂಬ ಪದ ಕೋರ್ಟುಗಳಿಗೆ ಕೊಟ್ಟ ತಲೆನೋವು ಸಣ್ಣದಲ್ಲ. ಪಂಗಡವೇ ತೀರ್ಮಾನಿಸಲಿ ಎಂದು 1954ರಲ್ಲಿ ಹೇಳಿದ್ದು ಸರಿ, ಆದರೆ ಪಂಗಡ ಹೇಳಿದ್ದೆಲ್ಲ ಟೆನೆಟ್ಟೇ? 1957ರಲ್ಲಿ, ನಿಮ್ಮ ಊರಿನಿಂದ ತೆಂಕಕ್ಕೆ ಹೆದ್ದಾರಿಯಲ್ಲೇ ಸಿಗುವ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು ಬಂತು. ದೇವಸ್ಥಾನದೊಳಗೆ ಯಾರು ಬರಬಹುದೆಂಬುದು ಧರ್ಮದ್ದೇ ವಿಷಯ ಎಂದು ಸುಪ್ರೀಂ ಕೋರ್ಟು ಒಪ್ಪಿತು, ಆದರೂ ದೇವಾಲಯ ಪ್ರವೇಶದ ಕಾನೂನು ಅದಕ್ಕಿಂತ ಮೇಲೆ ಎಂದಿತು. ಯಾವುದು ಅತ್ಯಗತ್ಯ, ಯಾವುದು ಅಲ್ಲ ಎಂದು ತೂಗುವ ಕೆಲಸವನ್ನು ಕೋರ್ಟುಗಳು ಕ್ರಮೇಣ ತಾವೇ ವಹಿಸಿಕೊಂಡವು. 2022ರಲ್ಲಿ ಅದೇ ಪ್ರಶ್ನೆ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಹೊರಟು ಬೆಂಗಳೂರಿಗೆ ಹೋಯಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ಹೈಕೋರ್ಟು ಹೇಳಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ಆ ಪ್ರಕರಣದ ಸರಿ–ತಪ್ಪು ಈ ಅಂಕಣದ ವಿಷಯವಲ್ಲ. ಆದರೆ ಅದರಲ್ಲಿ ವಾದ ಮಾಡಿದ ಎರಡೂ ಕಡೆಯವರು ಮೊದಲು ಬಿಚ್ಚಬೇಕಾದ ಕಡತ ರಥಬೀದಿಯ ಒಂದು ಮಠದ ಹೆಸರಿನದ್ದಾಗಿತ್ತು.

ಹಾಗಾದರೆ ಮಧ್ವಮತದ ಟೆನೆಟ್ ಯಾವುದು? ನಿಮ್ಮ ಗೋಷ್ಠಿಯ ವಿಷಯವೇ ಅದು, ಹೇಳದೆ ಬಿಟ್ಟರೆ ಹೇಗೆ. ಈ ಪರಂಪರೆಯವರು ಅದನ್ನು ಒಂಬತ್ತಾಗಿ ಎಣಿಸುತ್ತಾರೆ. ಹರಿಯೇ ಸರ್ವೋತ್ತಮ. ಜಗತ್ತು ಸತ್ಯ. ಭೇದ ಸತ್ಯ. ಜೀವರೆಲ್ಲ ಹರಿಯ ಅಧೀನ. ಜೀವರಲ್ಲಿ ತಾರತಮ್ಯ ಉಂಟು. ತನ್ನ ಸ್ವರೂಪದ ಆನಂದವನ್ನು ಅನುಭವಿಸುವುದೇ ಮುಕ್ತಿ. ಅದಕ್ಕೆ ಸಾಧನ ನಿರ್ಮಲ ಭಕ್ತಿ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣ. ಸಮಸ್ತ ವೇದಗಳಿಂದ ತಿಳಿಯಬೇಕಾದವನು ಹರಿಯೇ. ಇದರಲ್ಲಿ ಮೂರನೆಯದಾದ ಭೇದವನ್ನು ಐದಾಗಿ ಬಿಡಿಸುತ್ತಾರೆ. ಜೀವನಿಗೂ ಈಶ್ವರನಿಗೂ, ಜಡಕ್ಕೂ ಈಶ್ವರನಿಗೂ, ಜೀವನಿಗೂ ಜಡಕ್ಕೂ, ಜೀವಜೀವರಿಗೂ, ಜಡಜಡಗಳಿಗೂ ಇರುವ ಭೇದ. ಇವುಗಳಲ್ಲಿ ಯಾವುದೂ ‘ಹೀಗೆ ಮಾಡು’ ಎನ್ನುವುದಿಲ್ಲ, ಎಲ್ಲವೂ ‘ಹೀಗಿದೆ’ ಎನ್ನುತ್ತವೆ. ಟೆನೆಟ್ ನಿಯಮವೋ ನಂಬಿಕೆಯೋ ಎಂದು ಕೇಳಿದಿರಿ. ಮೊದಲು ನಂಬಿಕೆ. ಅದೂ ಒಬ್ಬರ ಖಾಸಗಿ ಅನಿಸಿಕೆಯಲ್ಲ, ಒಂದು ಮತ, ಪಂಥ, ಪಕ್ಷ ಅಥವಾ ಶಾಖೆ ಹಿಡಿದು ನಿಂತ, ಬೇಕಾದರೆ ವಾದಕ್ಕೂ ನಿಲ್ಲುವ ನಂಬಿಕೆ. ಅಹಿಂಸೆಯಂಥ ನಡತೆಯ ಮಾತಿಗೂ ಇಂಗ್ಲಿಷಿನಲ್ಲಿ ಟೆನೆಟ್ ಎನ್ನುವುದುಂಟು. ಆಗಲೂ ಅದು ಯಾರೋ ಒಪ್ಪಿ ಹಿಡಿದದ್ದಾಗಿರಬೇಕು, ಮೇಲಿನವರು ಹೊರಿಸಿದ್ದಾಗಿರಬಾರದು.

ನಿಯಮ ಬೇಕೆಂದರೆ ಪರ್ಯಾಯವನ್ನು ನೋಡಿ. ಕೃಷ್ಣಪೂಜೆಯ ಸರದಿ ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿತ್ತು. ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಪಲಿಮಾರು, ಅದಮಾರು (ಎರಡೂ ನಿಮ್ಮ ತಾಲೂಕಿನ ಊರುಗಳ ಹೆಸರು), ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಕ್ರಮ. ಸಮಸಂಖ್ಯೆಯ ವರ್ಷಗಳ ಜನವರಿ 18, ಅದಕ್ಕೆ ಮುಂಚೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಇಳಿಯುವ ಸ್ವಾಮಿಗಳು ಏರುವವರ ಕೈಗೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಕೊಡುತ್ತಾರೆ. ಇದೆಲ್ಲ ರೂಲ್, ಕಸ್ಟಮ್, ಟ್ರೆಡಿಶನ್. ಟೆನೆಟ್ ಅಲ್ಲ. ಎರಡು ತಿಂಗಳು ಎರಡು ವರ್ಷವಾದಾಗ ಮಧ್ವಮತ ಮಧ್ವಮತವಾಗಿಯೇ ಉಳಿಯಿತು. ಭೇದ ಸುಳ್ಳು ಎಂದಿದ್ದರೆ ಉಳಿಯುತ್ತಿರಲಿಲ್ಲ. ಬರೆಯುವಾಗ ಅನುಮಾನ ಬಂದರೆ ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ತೆಗೆದರೆ ಆ ಮತವೇ ಬೇರೆಯಾಗುತ್ತದೆ ಎಂಬಂಥದ್ದು ಟೆನೆಟ್.

‘ಪ್ರಿನ್ಸಿಪಲ್ಸ್’ ಎಂದು ಹಾಕಿದ್ದರೆ ತಪ್ಪಾಗುತ್ತಿರಲಿಲ್ಲ, ಆದರೆ ಸಪ್ಪೆಯಾಗುತ್ತಿತ್ತು. ಪ್ರಿನ್ಸಿಪಲ್ ದೊಡ್ಡ ಚೀಲ. ಮನುಷ್ಯನ ನೀತಿಯೂ ಅದರಲ್ಲಿ ಹಿಡಿಸುತ್ತದೆ, ನಿಸರ್ಗದ ಕ್ರಮವೂ ಹಿಡಿಸುತ್ತದೆ. ಆರ್ಕಿಮಿಡೀಸನ ಪ್ರಿನ್ಸಿಪಲ್ ಎನ್ನಬಹುದು, ಆರ್ಕಿಮಿಡೀಸನ ಟೆನೆಟ್ ಎನ್ನಬಾರದು. ಮಲ್ಪೆಯಲ್ಲಿ ದೋಣಿ ತೇಲುವುದಕ್ಕೆ ಯಾರ ನಂಬಿಕೆಯೂ ಬೇಕಾಗಿಲ್ಲ. ಪ್ರಿನ್ಸಿಪಲ್ಲಿಗೆ ಇನ್ನೊಂದು ಅಪಾಯವೂ ಇದೆ. ಕೊನೆಯಲ್ಲಿ ‘ಎಲ್ಇ’ ಬರಬೇಕಾದ ಕಡೆ ‘ಎಎಲ್’ ಬಿದ್ದರೆ ಮಧ್ವಮತದ ಪ್ರಾಂಶುಪಾಲರು ಎಂದಾಗುತ್ತದೆ. ಬಾಡಿಗೆದಾರರಿಗಿಂತ ಅದೇನೂ ಮೇಲಲ್ಲ.

ಕಾರ್ಕಳಕ್ಕೆ ಹೋದರೆ ಇನ್ನೊಂದು ಎಳೆ ಸಿಗುತ್ತದೆ. ಭೈರರಸರ ವೀರಪಾಂಡ್ಯ 1432ರಲ್ಲಿ ಬಂಡೆಯ ಮೇಲೆ ನಿಲ್ಲಿಸಿದ 42 ಅಡಿಯ ಬಾಹುಬಲಿ ಸೃಷ್ಟಿಕರ್ತನಾದ ದೇವರಲ್ಲ. ಜೈನರು ಅಂಥ ದೇವರನ್ನು ಒಪ್ಪುವುದೂ ಇಲ್ಲ. ಶಿರೂರು ತೀರ್ಪಿನಲ್ಲಿ ಮುಖರ್ಜಿಯವರು ಇದನ್ನು ಎತ್ತಿ ಹೇಳಿದ್ದಾರೆ. ಧರ್ಮ ಎಂದರೆ ಸೃಷ್ಟಿಕರ್ತನೊಡನೆ ಮನುಷ್ಯನ ಸಂಬಂಧ ಎಂಬ ಅಮೆರಿಕದ ಕೋರ್ಟಿನ ವ್ಯಾಖ್ಯೆ ನಮಗೆ ಸಾಲದು, ನಮ್ಮಲ್ಲಿ ಜೈನ, ಬೌದ್ಧ ಧರ್ಮಗಳಿವೆ ಎಂದರು. ದೇವರನ್ನು ಒಪ್ಪದವರಿಗೂ ಟೆನೆಟ್ ಇರುತ್ತದೆ. ಅನೇಕಾಂತವಾದ ಜೈನರ ಟೆನೆಟ್. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳನ್ನು ತತ್ವವಾಗಿ ಹೇಳುವಾಗ ಟೆನೆಟ್ ಎಂದರೂ ನಡೆಯುತ್ತದೆ. ಮುನಿಗಳು ಮಹಾವ್ರತವಾಗಿಯೂ ಶ್ರಾವಕರು ಅಣುವ್ರತವಾಗಿಯೂ ಅವನ್ನು ಸ್ವೀಕರಿಸಿದಾಗ ಮಾತ್ರ ಅವು ವ್ರತ, ಅಂದರೆ ‘ವೌ’. ಕಾರ್ಕಳದಿಂದ ತುಸು ಮುಂದೆ ಅತ್ತೂರಿನ ಇಗರ್ಜಿಯಲ್ಲಿ ಹೇಳುವ ವಿಶ್ವಾಸ ಪ್ರಕಟಣೆಗೆ ಇಂಗ್ಲಿಷಿನಲ್ಲಿ ‘ಕ್ರೀಡ್’. ಅದರ ಲ್ಯಾಟಿನ್ ಮೂಲದ ಅರ್ಥ ‘ನಾನು ನಂಬುತ್ತೇನೆ’. ಟೆನೆಟ್ಟುಗಳನ್ನು ಪೋಣಿಸಿ ಬಾಯಿಬಿಟ್ಟು ಹೇಳಿದರೆ ಕ್ರೀಡ್.

‘ಡಾಗ್ಮಾ’ ಬಳಸುವ ಮುಂಚೆ ಎರಡು ಸಲ ಯೋಚಿಸಿ. ಪ್ರಶ್ನಿಸುವಂತಿಲ್ಲ ಎಂದು ಅಧಿಕಾರದಿಂದ ಸಾರಿದ ನಂಬಿಕೆ ಅದು, ಇವತ್ತಿನ ಬಳಕೆಯಲ್ಲಿ ಬೈಗುಳಕ್ಕೆ ಹತ್ತಿರ. ಮಣಿಪಾಲದ ಮೆಡಿಕಲ್ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ‘ಸೆಂಟ್ರಲ್ ಡಾಗ್ಮಾ’ ಓದುತ್ತಾರೆ, ಡಿಎನ್‌ಎಯಿಂದ ಆರ್‌ಎನ್‌ಎ, ಅಲ್ಲಿಂದ ಪ್ರೋಟೀನ್ ಎಂಬ ಪಾಠ. ಆ ಹೆಸರಿಟ್ಟವರು ಫ್ರಾನ್ಸಿಸ್ ಕ್ರಿಕ್, 1957ರ ಒಂದು ಉಪನ್ಯಾಸದಲ್ಲಿ. ಸಾಕಷ್ಟು ಪುರಾವೆ ಇನ್ನೂ ಸಿಗದ ದೊಡ್ಡ ಊಹೆ ಎಂಬ ಅರ್ಥದಲ್ಲಿ ಅವರು ಅದನ್ನು ಬಳಸಿದ್ದರು. ಡಾಗ್ಮಾ ಎಂದರೆ ಸಂದೇಹಿಸಲೇಬಾರದ್ದು ಮಾರಾಯ ಎಂದು ಜೀವವಿಜ್ಞಾನಿ ಜಾಕ್ ಮೊನೊ ತಿಳಿಸಿದಾಗ ಹೊತ್ತು ಮೀರಿತ್ತು. ಕ್ರಿಕ್ ಇದನ್ನು ತಮ್ಮ ನೆನಪಿನ ಪುಸ್ತಕದಲ್ಲಿ ತಾವೇ ಬರೆದುಕೊಂಡಿದ್ದಾರೆ. ನೊಬೆಲ್ ಪಡೆದವರಿಗೂ ನಿಮ್ಮ ಕಾಲೇಜಿನವರ ಗತಿಯೇ ಆಗಿದೆ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಇನ್ನು ಬಳಕೆ. ಟೆನೆಟ್ ಹೆಚ್ಚಾಗಿ ಬಹುವಚನದಲ್ಲಿ, ಬೆನ್ನಿಗೆ ‘ಆಫ್’ ಹಚ್ಚಿಕೊಂಡು ಬರುತ್ತದೆ: ಟೆನೆಟ್ಸ್ ಆಫ್ ಜೈನಿಸಂ, ಟೆನೆಟ್ಸ್ ಆಫ್ ದ್ವೈತ. ಒಂದನ್ನೇ ಎತ್ತಿ ಹೇಳುವಾಗ ‘ಎ ಸೆಂಟ್ರಲ್ ಟೆನೆಟ್’ ಎನ್ನಬಹುದು: ಪಂಚಭೇದ ಇಸ್ ಎ ಸೆಂಟ್ರಲ್ ಟೆನೆಟ್ ಆಫ್ ದ್ವೈತ. ‘ಬೇಸಿಕ್ ಫಂಡಮೆಂಟಲ್ ಕೋರ್ ಟೆನೆಟ್ಸ್’ ಎಂದು ಮೂರು ವಿಶೇಷಣ ಹೇರುವುದು ಬೇಡ, ಟೆನೆಟ್ಟಿನೊಳಗೇ ಮೂಲಭೂತ ಎಂಬ ಅರ್ಥ ಇದೆ. ಹಾಸ್ಟೆಲಿನ ರೂಲ್ಸಿಗೆ, ಟ್ರಾಫಿಕ್ ರೂಲ್ಸಿಗೆ, ಬ್ಯಾಂಕಿನ ಷರತ್ತಿಗೆ ಟೆನೆಟ್ ಹೊಂದುವುದಿಲ್ಲ. ರಾತ್ರಿ ಒಂಬತ್ತಕ್ಕೆ ಗೇಟು ಹಾಕುವುದನ್ನು ವಾರ್ಡನ್ನರು ಎಷ್ಟೇ ಭಕ್ತಿಯಿಂದ ಪಾಲಿಸಿದರೂ ಅದು ರೂಲ್. ಉಚ್ಚಾರದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, ಎರಡನೆಯದು ಮೆತ್ತಗೆ, ‘ಟೆನಿಟ್’ ಎಂಬಷ್ಟು. 2020ರ ನೋಲನ್ ಸಿನಿಮಾದ ಹೆಸರೂ ಇದೇ. ಹಿಂದಿನಿಂದ ಓದಿದರೂ ಒಂದೇ ಆಗುವ ಸ್ಪೆಲಿಂಗ್ ಆ ಕತೆಗೆ ಬೇಕಿತ್ತು. ಸ್ಪೆಲಿಂಗ್ ನೆನಪಿಡಲು ಅದೂ ಒಂದು ದಾರಿ: ಟಿ–ಇ–ಎನ್–ಇ–ಟಿ, ಹೋದಂತೆಯೇ ಬರುತ್ತದೆ. ಟೆನೆಂಟ್ ಬರುವುದಿಲ್ಲ.

ಕನ್ನಡದ ಆಮಂತ್ರಣಕ್ಕೆ ಏನು ಹಾಕಬೇಕೆಂದು ನೀವು ಕೇಳಿಲ್ಲ, ಆದರೆ ಮುಂದಿನ ವರ್ಷ ಕೇಳುತ್ತೀರಿ. ಮಧ್ವಮತದ ಮಟ್ಟಿಗೆ ಆ ಒಂಬತ್ತಕ್ಕೂ ‘ಪ್ರಮೇಯ’ ಎಂಬ ಹೆಸರು ಮೊದಲಿನಿಂದಲೂ ಇದೆ. ಪ್ರಮಾಣದಿಂದ ತಿಳಿದದ್ದು ಪ್ರಮೇಯ. ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯ ಓದಿ ಬಂದವರು ಗೋಷ್ಠಿಗೆ ಜ್ಯಾಮಿತಿ ಪೆಟ್ಟಿಗೆ ಹಿಡಿದು ಬಂದಾರು ಎಂಬ ಭಯವಿದ್ದರೆ ‘ಸಿದ್ಧಾಂತಗಳು’ ಎಂದು ಹಾಕಿ, ‘ತತ್ವಗಳು’ ಎಂದರೂ ಆದೀತು. ‘ನಿಯಮಗಳು’ ಮಾತ್ರ ಬೇಡ. ಇಂಗ್ಲಿಷಿನದ್ದಾದರೆ, ಕಂಪ್ಯೂಟರಿನ ಸ್ಪೆಲ್‌ಚೆಕ್ ಈ ತಪ್ಪನ್ನು ಹಿಡಿಯುವುದಿಲ್ಲ. ಅದರ ಲೆಕ್ಕದಲ್ಲಿ ಎರಡೂ ಸರಿಯಾದ ಪದಗಳೇ, ಕೆಂಪು ಗೆರೆ ಬೀಳುವುದಿಲ್ಲ. ಪ್ರೆಸ್ಸಿಗೆ ಕಳಿಸುವ ಮುಂಚೆ ಫೈಲಿನಲ್ಲಿ ಟೆನೆಂಟ್ ಎಂದು ಒಂದು ಸಲ ಹುಡುಕಿ ನೋಡಿ, ಸಿಕ್ಕ ಕಡೆ ಗದ್ದೆಯೋ ಬಾಡಿಗೆಮನೆಯೋ ಇಲ್ಲದಿದ್ದರೆ ನಡುವಿನ ‘ಎ’ ಮತ್ತು ‘ಎನ್’ ತೆಗೆದು ‘ಇ’ ಹಾಕಿ.